ಭೇದಿಯ ಕಾರಣ ಹುಡುಕಲು ಪಿಸಿಆರ್ ಸಾಕಾ, ಸೀಕ್ವೆನ್ಸಿಂಗ್ ಬೇಕಾ?

ಮಗುವಿಗೆ ಭೇದಿ. ರೋಟಾವೈರಸ್ ಇಲ್ಲ, ನೊರೋವೈರಸ್ ಇಲ್ಲ, ಬ್ಯಾಕ್ಟೀರಿಯಾ ಕೂಡ ಸಿಗಲಿಲ್ಲ. ಇಂಥ ಮಲದ ಮಾದರಿಗಳು ನಿಮ್ಮ ಲ್ಯಾಬಿನ ಫ್ರೀಜರ್‌ನಲ್ಲಿದ್ದರೆ ಮುಂದೇನು?

ಪಿಸಿಆರ್ ಅಂದರೆ ಗೊತ್ತಿರುವ ವೈರಸ್‌ನ ಜೀನಿನ ಒಂದು ತುಣುಕನ್ನು ಸಾಕಷ್ಟು ನಕಲು ಮಾಡಿ ಪತ್ತೆ ಹಚ್ಚುವ ಪರೀಕ್ಷೆ. ಅದು ಅಗ್ಗ, ಬೇಗ ಮುಗಿಯುತ್ತದೆ, ವೈರಸ್ ತುಂಬಾ ಕಡಿಮೆ ಇದ್ದರೂ ಹಿಡಿಯುತ್ತದೆ. ಆದರೆ ಏನನ್ನು ಹುಡುಕಬೇಕು ಅಂತ ನಾವೇ ಮೊದಲು ಹೇಳಬೇಕು. ಪಟ್ಟಿಯಲ್ಲಿ ಇಲ್ಲದ್ದು ಅದರ ಕಣ್ಣಿಗೆ ಬೀಳುವುದಿಲ್ಲ.

ಸೀಕ್ವೆನ್ಸಿಂಗ್‌ಗೆ ಪಟ್ಟಿ ಬೇಡ. ಮಾದರಿಯಲ್ಲಿರುವ ಡಿಎನ್‌ಎ, ಆರ್‌ಎನ್‌ಎ ಚೂರುಗಳನ್ನು ಓದಿ, ಗೊತ್ತಿರುವ ವೈರಸ್‌ಗಳ ಜೊತೆ ಹೋಲಿಸುತ್ತೇವೆ. ಮೆಲ್ಬರ್ನ್‌ನಲ್ಲಿ 1999ರಲ್ಲಿ ಭೇದಿಯಾಗಿದ್ದ ಮೂರು ವರ್ಷದ ಹುಡುಗನ ಮಾದರಿಯಲ್ಲಿ ಎಂಎಲ್‌ಬಿ1 ಎಂಬ ಹೊಸ ಆಸ್ಟ್ರೋವೈರಸ್ (ಭೇದಿ ತರಬಲ್ಲ ವೈರಸ್‌ಗಳ ಒಂದು ಗುಂಪು) ಸಿಕ್ಕಿದ್ದು ಹೀಗೆ. ಅದು ವರದಿಯಾದದ್ದು 2008ರಲ್ಲಿ. ಪಿಸಿಆರ್ ಒಂದನ್ನೇ ನಂಬಿದ್ದರೆ ಅದು ಸುಮ್ನೆ ಫ್ರೀಜರ್‌ನಲ್ಲೇ ಉಳಿಯುತ್ತಿತ್ತು. ಖರ್ಚು ಮಾತ್ರ ಜಾಸ್ತಿ. ಓದಿದ್ದರಲ್ಲಿ ಬಹುಪಾಲು ಕರುಳಿನ ಬ್ಯಾಕ್ಟೀರಿಯಾ ಮತ್ತು ಅವುಗಳಿಗೆ ಅಂಟುವ ವೈರಸ್‌ಗಳದ್ದೇ ಆಗಿರಬಹುದು. ಅದನ್ನು ಜಾಲಿಸಲು ಕಂಪ್ಯೂಟರ್ ಬಲ್ಲವರು ಜೊತೆಗಿರಬೇಕು.

ವೈರಸ್ ಸಿಕ್ಕಿತು ಅಂದ ಮಾತ್ರಕ್ಕೆ ಅದೇ ಕಾರಣ ಅಲ್ಲ, ಅಲ್ವಾ? ಮುಂದೆ ವೆಲ್ಲೂರಿನ ಮಕ್ಕಳಲ್ಲಿ ಹುಡುಕಿದಾಗ ಎಂಎಲ್‌ಬಿ1ಕ್ಕೂ ಭೇದಿಗೂ ನಂಟು ಕಾಣಲಿಲ್ಲ. ಹಾಗಾಗಿ ಹೋಲಿಸಿ ನೋಡಲು ಆರೋಗ್ಯವಂತ ಮಕ್ಕಳ ಮಾದರಿಗಳನ್ನೂ ಕೂಡಿಸಿಡಿ. ಇದನ್ನು ಮಾಡದಿದ್ದರೆ ಸೀಕ್ವೆನ್ಸಿಂಗ್‌ಗೆ ಹಾಕಿದ ದುಡ್ಡು ದಂಡ.

ನನ್ನನ್ನು ಕೇಳಿದರೆ, ಮೊದಲು ಎಲ್ಲಕ್ಕೂ ಪಿಸಿಆರ್. ಏನೂ ಸಿಗದ ಕೆಲವಕ್ಕೆ ಸೀಕ್ವೆನ್ಸಿಂಗ್. ಹೊಸದು ಕಂಡರೆ, ಅದಕ್ಕೊಂದು ಪಿಸಿಆರ್ ರೂಪಿಸಿ ಮತ್ತೆ ಎಲ್ಲ ಮಾದರಿಗಳಲ್ಲೂ ಹುಡುಕಿ. ಇವತ್ತು ಭೇದಿಯಿಂದ ಸುಸ್ತಾದ ಮಗುವಿಗೆ ಮಾತ್ರ ಈ ಎರಡಕ್ಕೂ ಕಾಯಬೇಡಿ. ಒಆರ್‌ಎಸ್ ಮತ್ತು ಜಿಂಕ್ ಕೂಡಲೇ ಶುರುವಾಗಲಿ.