ನಾಲ್ಕು ಅಂತಸ್ತು, ಒಂದೇ ಗಾಳಿ: ವೈಫೈ ಹಂಚಿಕೊಳ್ಳಲು ನಾನು ಪಟ್ಟ ಪಾಡು

ಬೆಂಗಳೂರಿನ ಹನುಮಂತನಗರದ ಮೂವತ್ತು–ನಲವತ್ತರ ಸೈಟಿನಲ್ಲಿ ನಮ್ಮದು ನಾಲ್ಕು ಅಂತಸ್ತಿನ ಮನೆ. ಕೆಳಗೆ ಅಣ್ಣ, ಅತ್ತಿಗೆ. ಮೊದಲ ಮಹಡಿಯಲ್ಲಿ ನಾವು. ಅದರ ಮೇಲೆ ಚಿಕ್ಕಪ್ಪ. ತಾರಸಿಯ ಕೋಣೆಯಲ್ಲಿ ಮನೆಯಿಂದಲೇ ಕೆಲಸ ಮಾಡುವ ಅಣ್ಣನ ಮಗ. ಅಡುಗೆ ಬೇರೆಯಾದಾಗ ರೂಟರೂ ಬೇರೆಯಾಯಿತು. ನಾಲ್ಕೂ ರೂಟರ್‌ಗಳು ‘ಆಟೋ’ದಲ್ಲಿದ್ದವು, ಅಂದರೆ ತಮ್ಮ ಚಾನೆಲ್ (ಮಾತಾಡುವ ರೇಡಿಯೊ ತರಂಗದ ದಾರಿ) ತಾವೇ ಆರಿಸಿಕೊಳ್ಳುತ್ತಿದ್ದವು; ಮೊಬೈಲಿನಲ್ಲಿ ಸಿಗ್ನಲ್ ಕಡ್ಡಿಗಳು ಸದಾ ಭರ್ತಿ. ಆದರೂ ರಾತ್ರಿ ಒಂಬತ್ತಾಯಿತೆಂದರೆ ಚಿಕ್ಕಪ್ಪನ ವೀಡಿಯೊ ಕರೆಯಲ್ಲಿ ಮೊಮ್ಮಗಳು ಬಾಯಿ ತೆರೆದ ಭಂಗಿಯಲ್ಲೇ ನಿಂತುಬಿಡುತ್ತಿದ್ದಳು.

ಅಣ್ಣನ ಪರಿಹಾರ ಸರಳವಾಗಿತ್ತು: ಆರು ಆಂಟೆನಾಗಳ ದೊಡ್ಡ ರೂಟರ್. ಅದು ಬಂದ ಮೇಲೆ ಪರಿಸ್ಥಿತಿ ಇನ್ನಷ್ಟು ಕೆಟ್ಟಿತು. ಕೆಡಲೇಬೇಕಿತ್ತು. ಒಂದೇ ಚಾನೆಲ್‌ನಲ್ಲಿರುವ ವೈಫೈ ಸಾಧನಗಳು ವಠಾರದ ನಲ್ಲಿಯ ಮುಂದಿನ ಕೊಡಗಳಂತೆ. ಒಂದು ತುಂಬುವವರೆಗೆ ಉಳಿದವು ಕಾಯಬೇಕು. ಯಾರು ಜೋರಾಗಿ ಕೂಗುತ್ತಾರೋ ಅವರ ದನಿ ಹೆಚ್ಚು ಮನೆಗಳಿಗೆ ಕೇಳಿಸುತ್ತದೆ, ಅಷ್ಟೂ ಮನೆಗಳು ಕಾಯುತ್ತವೆ. ಕರೆಂಟ್ ಹೋಗಿ ಬಂದಾಗಲಂತೂ ನಾಲ್ಕು ರೂಟರ್‌ಗಳೂ ಒಟ್ಟಿಗೆ ಎದ್ದು, ಒಟ್ಟಿಗೆ ಕಿವಿಗೊಟ್ಟು, ‘ಯಾರೂ ಇಲ್ಲ’ವೆಂದು ಒಂದೇ ಚಾನೆಲ್‌ನಲ್ಲಿ ಕುಳಿತದ್ದನ್ನು ನಾನೇ ನೋಡಿದ್ದೇನೆ.

ಕೊನೆಗೆ ಎಲ್ಲರನ್ನೂ ಒಪ್ಪಿಸಿ ನಾಲ್ಕು ಸಂಪರ್ಕಗಳ ಬದಲು 300 ಎಂಬಿಪಿಎಸ್‌ನ ಒಂದೇ ಫೈಬರ್ ಹಾಕಿಸಿದೆವು. ಅದನ್ನು ಹಂಚುವ ಹೊಣೆ ನನ್ನ ತಲೆಗೆ ಬಂತು.

ಮೊದಲು ತಂದದ್ದು ಎಸ್.ಪಿ. ರಸ್ತೆಯಿಂದ ಮೂರು ಘಟಕಗಳ ಮೆಶ್, ಅಂದರೆ ತಂತಿಯಿಲ್ಲದೆ ಒಂದರಿಂದ ಇನ್ನೊಂದಕ್ಕೆ ವೈಫೈ ದಾಟಿಸುವ ಪೆಟ್ಟಿಗೆಗಳು. ಅರ್ಧ ಗಂಟೆಯಲ್ಲಿ ಜೋಡಿಸಿಬಿಟ್ಟೆ. ಆ ಮಟ್ಟಿಗೆ ಅದಕ್ಕೆ ಸಾಟಿಯಿಲ್ಲ. ನಮ್ಮ ಹಾಲ್‌ನಲ್ಲಿ 270 ಸಿಕ್ಕಿತು, ಚಿಕ್ಕಪ್ಪನಲ್ಲಿ 110, ತಾರಸಿಯಲ್ಲಿ ಬರೀ 35. ನಡುವಿನ ಘಟಕ ಕೆಳಗಿನಿಂದ ಕೇಳಿದ್ದನ್ನೇ ಅದೇ ಚಾನೆಲ್‌ನಲ್ಲಿ ಮೇಲಕ್ಕೆ ಮತ್ತೊಮ್ಮೆ ಹೇಳಬೇಕು. ಅಂದರೆ ಪ್ರತಿ ನೆಗೆತಕ್ಕೂ ಹೆಚ್ಚುಕಡಿಮೆ ಅರ್ಧದಷ್ಟು ವೇಗ ಸೋರುತ್ತದೆ. ಘಟಕಗಳು ಪರಸ್ಪರ ಮಾತಾಡಲು ಮೂರೂ ಒಂದೇ ಚಾನೆಲ್‌ನಲ್ಲಿರಬೇಕು ಎಂಬುದು ಇನ್ನೊಂದು ತೊಡಕು. ನಾನು ತಪ್ಪಿಸಿಕೊಳ್ಳಲು ಹೊರಟಿದ್ದ ಗುಂಪೇ ಇಲ್ಲಿ ನಿಯಮವಾಗಿತ್ತು. ಒಳಸಂಪರ್ಕಕ್ಕೆಂದೇ ಪ್ರತ್ಯೇಕ ರೇಡಿಯೊ ಇರುವ ಮೆಶ್‌ಗಳಿವೆ. ಅವುಗಳ ಬೆಲೆ ಕೇಳಿ ಅಂಗಡಿಯಿಂದ ಹಿಂದಿರುಗಿದೆ. ಗೋಡೆ ಕೊರೆಯಲು ಓನರ್ ಬಿಡದ ಬಾಡಿಗೆ ಮನೆಯವರಿಗೆ ಮೆಶ್ ಸರಿ, ನಮಗಲ್ಲ.

ಎರಡನೆಯ ಸುತ್ತಿನಲ್ಲಿ ಹಳೆಯ ಟಿವಿ ಕೇಬಲ್‌ನ ಪೈಪಿನಲ್ಲೇ ಕ್ಯಾಟ್ 6 ನೆಟ್‌ವರ್ಕ್ ತಂತಿ ಎಳೆಸಿ, ಅಂತಸ್ತಿಗೊಂದರಂತೆ ನಾಲ್ಕು ಆಕ್ಸೆಸ್ ಪಾಯಿಂಟ್ (ತಂತಿಯಲ್ಲಿ ಬಂದ ಇಂಟರ್ನೆಟ್ಟನ್ನು ವೈಫೈಯಾಗಿ ಹರಡುವ ಪೆಟ್ಟಿಗೆ) ಇಟ್ಟೆ. ಚಾನೆಲ್ ಹಂಚಿಕೆಗೆ ಕಾಗದ, ಪೆನ್ಸಿಲ್. 2.4 ಗಿಗಾಹರ್ಟ್ಸ್ ಎಂಬ ವೈಫೈ ತರಂಗಪಟ್ಟಿಯಲ್ಲಿ ನಮ್ಮ ದೇಶದಲ್ಲಿ 13 ಚಾನೆಲ್‌ಗಳಿದ್ದರೂ ಅವು 5 ಮೆಗಾಹರ್ಟ್ಸ್ ಅಂತರದಲ್ಲಿವೆ, ಪ್ರತಿಯೊಂದರ ಅಗಲ 20. ಹಾಗಾಗಿ ಒಂದರ ಮೇಲೊಂದು ಬೀಳದಂತೆ ಸಾಮಾನ್ಯವಾಗಿ ಆರಿಸುವುದು 1, 6, 11. ಕೆಳಗಿನಿಂದ 1, 6, 11 ಎಂದು ಕೊಟ್ಟು, ತಾರಸಿಗೆ ಮತ್ತೆ 1 ಕೊಟ್ಟೆ. ನಡುವೆ ಮೂರು ಮೋಲ್ಡ್‌ಗಳಿವೆಯಲ್ಲ! ‘ನಡುವಿನ 3 ಖಾಲಿ ಇದೆ, ಅಲ್ಲಿ ಕೂರೋಣ’ ಎಂಬ ಜಾಣತನ ಬೇಡ. ಒಂದೇ ಚಾನೆಲ್‌ನಲ್ಲಿದ್ದರೆ ಸಾಧನಗಳು ಪರಸ್ಪರ ಮಾತು ಕೇಳಿಸಿಕೊಂಡು ಸರದಿ ಪಾಲಿಸುತ್ತವೆ. ಅರ್ಧ ಮೈಮೇಲೆ ಬಿದ್ದರೆ ಮಾತು ಅರ್ಥವಾಗುವುದಿಲ್ಲ, ಬರೀ ಗದ್ದಲ.

5 ಗಿಗಾಹರ್ಟ್ಸ್‌ನಲ್ಲಿ ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಗಳ ಆಸೆ ಬಿಟ್ಟು, ಅಗಲವನ್ನು 80ರಿಂದ 40 ಮೆಗಾಹರ್ಟ್ಸ್‌ಗೆ ಇಳಿಸಿದೆ. 36, 44, 149, 157: ನಾಲ್ಕು ಮನೆಗೆ ನಾಲ್ಕು ಬೇರೆ ಬೇರೆ ಜಾಗ ಸಿಕ್ಕವು. ಮಧ್ಯದ ಚಾನೆಲ್‌ಗಳನ್ನು ಮುಟ್ಟಲಿಲ್ಲ. ಅಲ್ಲಿ ಆಕ್ಸೆಸ್ ಪಾಯಿಂಟ್ ಮೊದಲು ಒಂದು ನಿಮಿಷ ರೇಡಾರ್ ಇದೆಯೇ ಎಂದು ಆಲಿಸಬೇಕು, ಇದ್ದರೆ ಜಾಗ ಬಿಟ್ಟು ಏಳಬೇಕು. ಬಳಿಕ ಪ್ರಸಾರದ ಶಕ್ತಿಯನ್ನು 100 ಮಿಲಿವ್ಯಾಟ್‌ನಿಂದ 25ಕ್ಕೆ ತಗ್ಗಿಸಿದೆ. ಅಣ್ಣ ಇದನ್ನು ಇಂದಿಗೂ ನಂಬುವುದಿಲ್ಲ. ಆದರೆ ತಾರಸಿಯಲ್ಲಿ 35 ಇದ್ದದ್ದು 220 ಆಯಿತು, ಒಂಬತ್ತು ಗಂಟೆಗೆ ಮೊಮ್ಮಗಳ ಬಾಯಿ ಮುಚ್ಚಿತು, ಅಂದರೆ ಮಾತು ಮುಂದುವರಿಯಿತು.

ಉಳಿದದ್ದು ಮೊಬೈಲ್‌ಗಳ ಹಟ. ಯಾವ ಆಕ್ಸೆಸ್ ಪಾಯಿಂಟ್ ಹಿಡಿಯಬೇಕೆಂದು ನಿರ್ಧರಿಸುವುದು ಮೊಬೈಲೇ. ಅಣ್ಣನ ಮಗ ಊಟಕ್ಕೆ ಕೆಳಗಿಳಿದರೂ ಅವನ ಮೊಬೈಲ್ ತಾರಸಿಯನ್ನೇ ಜಗ್ಗುತ್ತಿತ್ತು. ದೂರದಿಂದ ಜಗ್ಗುವ ಮೊಬೈಲ್ ನಿಧಾನವಾಗಿ ಮಾತಾಡುತ್ತದೆ, ಅಷ್ಟು ಹೊತ್ತು ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ನಷ್ಟ ಅವನೊಬ್ಬನಿಗಲ್ಲ, ಆ ಚಾನೆಲ್‌ನಲ್ಲಿರುವವರಿಗೆಲ್ಲ.

ಆಗ ಬಂತು ಮೂರನೆಯದು: ಅವೇ ಪಾಯಿಂಟ್‌ಗಳು, ಅವೇ ತಂತಿಗಳು, ಮೇಲೊಂದು ಕಂಟ್ರೋಲರ್ ತಂತ್ರಾಂಶ. ಪ್ರತಿ ಪಾಯಿಂಟ್ ತನಗೆ ಯಾರ ದನಿ ಎಷ್ಟು ಕೇಳುತ್ತಿದೆ ಎಂದು ಇದಕ್ಕೆ ವರದಿ ಒಪ್ಪಿಸುತ್ತದೆ, ಇದು ಕುಳಿತು ಚಾನೆಲ್, ಶಕ್ತಿ ಹಂಚುತ್ತದೆ. ಮೊದಲ ವಾರ ಅದು ಕೊಟ್ಟ ಹಂಚಿಕೆ ಹೆಚ್ಚುಕಡಿಮೆ ನನ್ನ ಪೆನ್ಸಿಲ್‌ನದೇ ಆಗಿದ್ದು ಕಂಡು ಬೀಗಿದೆ. ತಾರಸಿಯನ್ನು ಮಾತ್ರ 1ರಿಂದ 6ಕ್ಕೆ ಸರಿಸಿತ್ತು: ಎದುರಿನ ಕಟ್ಟಡದ ವೈಫೈ ಅಲ್ಲಿಗೆ ಜೋರಾಗಿ ಕೇಳುತ್ತಿತ್ತು, ಹಾಲ್‌ನಲ್ಲಿ ಕುಳಿತು ಅಳೆದ ನನಗೆ ಅದು ಹೇಗೆ ಗೊತ್ತಾಗಬೇಕು? ಹಟಮಾರಿ ಮೊಬೈಲ್‌ಗಳಿಗೂ ಅದು ನೆರೆಯ ಪಾಯಿಂಟ್‌ಗಳ ಪಟ್ಟಿ ಕೊಟ್ಟು ‘ಅತ್ತ ಹೋಗು’ ಎಂದು ಸೂಚಿಸುತ್ತದೆ. ಹೊಸವು ಕೇಳುತ್ತವೆ, ಅತ್ತಿಗೆಯ ಹಳೆಯ ಮೊಬೈಲ್ ಕೇಳುವುದಿಲ್ಲ. ಎಲ್ಲರಿಗೂ ಸಮ ಡೇಟಾ ಬದಲು ಸಮ ಸಮಯ ಹಂಚುವ ಸೌಲಭ್ಯವೂ ಇತ್ತು. ಚಿಕ್ಕಪ್ಪನ ನಿಧಾನಗತಿಯ ಟ್ಯಾಬ್ಲೆಟ್ ಇಡೀ ಮಹಡಿಯನ್ನು ಎಳೆದಾಡುವುದು ಅದರಿಂದ ನಿಂತಿತು.

ಆದರೆ ಅದನ್ನು ಅದರ ಪಾಡಿಗೆ ಬಿಡಬಾರದು. ಒಂದು ಮಧ್ಯಾಹ್ನ ‘ಇನ್ನೂ ಒಳ್ಳೆಯ’ ಚಾನೆಲ್ ಕಂಡು ಜಿಗಿಯಿತು, ಅಣ್ಣನ ಮಗನ ಸಂದರ್ಶನ ಅರ್ಧಕ್ಕೆ ಕಡಿಯಿತು. ಅಂದಿನಿಂದ ಬದಲಾವಣೆಗೆ ರಾತ್ರಿ ಮೂರೂವರೆಗೆ ಮಾತ್ರ ಅನುಮತಿ. ನನ್ನನ್ನು ಕೇಳಿದರೆ ಎರಡು ಪಾಯಿಂಟ್‌ಗಳ ಮನೆಗೆ ಪೆನ್ಸಿಲ್ ಸಾಕು. ಮೂರು ದಾಟಿದರೆ ಕಂಟ್ರೋಲರ್, ಅದೂ ಲಗಾಮು ಹಾಕಿ.

ನಿಜವಾದ ಹೊಂದಾಣಿಕೆ ಇದೂ ಅಲ್ಲ ಎನ್ನಿ. ದಿನಕ್ಕೊಮ್ಮೆ ಜಾಗ ಹಂಚುವುದು ಬೇರೆ, ಒಂದು ಪಾಯಿಂಟ್ ತನ್ನ ಸರದಿಯ ಒಂದು ಚೂರನ್ನು ಆ ಕ್ಷಣದಲ್ಲೇ ಪಕ್ಕದ ಪಾಯಿಂಟ್‌ಗೆ ಬಿಟ್ಟುಕೊಡುವುದು ಬೇರೆ. ವೈಫೈ 7ಕ್ಕೆ ಇದು ಚರ್ಚೆಯಾಗಿ ಮುಂದಕ್ಕೆ ಹೋಯಿತು. ಈಗ ವೈಫೈ 8 ಎನಿಸಲಿರುವ 802.11ಬಿಎನ್ ಎಂಬ ಮುಂದಿನ ಮಾನದಂಡದಲ್ಲಿ ರೂಪುಗೊಳ್ಳುತ್ತಿದೆ.

ಅಲ್ಲಿಯವರೆಗೆ ಪಕ್ಕದ ಮನೆಯ ರೂಟರ್‌ಗೆ ನನ್ನ ಕಂಟ್ರೋಲರ್‌ನ ಆಜ್ಞೆ ನಡೆಯುವುದಿಲ್ಲ. ಅವರದು 2.4ರಲ್ಲೇ 40 ಮೆಗಾಹರ್ಟ್ಸ್ ಅಗಲಕ್ಕೆ ಕಾಲು ಚಾಚಿ ಮಲಗಿತ್ತು, ನಮ್ಮ ಎರಡು ಗೋಡೆಗಳ ನಡುವಿನ ಅಂತರ ಮೂರು ಅಡಿ. ಭಾನುವಾರ ಹೋಗಿ ಕೇಳಿದೆ: “ಆಂಟಿ, ನಿಮ್ಮ ವೈಫೈಯನ್ನು ಸ್ವಲ್ಪ ಕಿರಿದು ಮಾಡಬಹುದೇ?” ಅವರು ನನ್ನನ್ನೊಮ್ಮೆ ನೋಡಿ, ಕಾಫಿ ಕೊಟ್ಟು, ಕ್ಯಾಲೆಂಡರ್‌ನ ಹಿಂದೆ ಬರೆದಿಟ್ಟಿದ್ದ ಪಾಸ್‌ವರ್ಡ್ ಓದಿ ಹೇಳಿದರು. “ಇದಕ್ಕೇಕೆ ಇಷ್ಟು ಸಂಕೋಚ? ನಿಮ್ಮದು ಹೋದಾಗ ನಮ್ಮದನ್ನೇ ಬಳಸಿ.”