ಪರಮಾಣುಗಳಿಗೊಂದು ಜರಡಿ: ಎರಡು ವರ್ಷ ಪಿಡಿಬಿ-ಟೂಲ್ಸ್ ಬಳಸಿದ ಮೇಲೆ

ಎಂಟು ವರ್ಷ ನಾನು ಪಠ್ಯದಿಂದ ಬೇಕಾದ ಸಾಲು ಹೆಕ್ಕುವ ಗ್ರೆಪ್ ಮತ್ತು ಆಕ್ ಎಂಬ ಕಮಾಂಡ್‌ಗಳಲ್ಲೇ ಕಾಲ ಹಾಕಿದೆ. ಪ್ರೋಟೀನಿನಂಥ ಅಣುಗಳ ರಚನೆ ಬರೆದಿಡುವ ಪಿಡಿಬಿ ಕಡತ ಎಂದರೆ ಬರಿಯ ಪಠ್ಯ, ಸಾಲಿಗೊಂದು ಪರಮಾಣು. ನೀರು ಬೇಡವೇ? ಎಚ್‌ಓಎಚ್ ಎಂದಿರುವ ಸಾಲುಗಳನ್ನು ಕಿತ್ತು ಹಾಕಿದರಾಯಿತು, ಅದಕ್ಕೊಂದು ಬೇರೆ ಉಪಕರಣವೇಕೆ ಎಂದು ಕಂಡವರಿಗೆಲ್ಲ ಹೇಳುತ್ತಿದ್ದವಳು ನಾನು.

ಆ ಜಂಬ ಇಳಿದದ್ದು ಒಂದು ದೊಡ್ಡ ಕಿಣ್ವದಿಂದ. ಅದರ ಅಮೈನೋ ಆಮ್ಲ ಸರಪಳಿಗಳಲ್ಲಿ ನನಗೆ ಎ ಮಾತ್ರ ಬೇಕಿತ್ತು. ಐದನೇ ಪದ 'ಎ' ಆಗಿರುವ ಸಾಲುಗಳನ್ನು ಉಳಿಸು ಎಂದು ಆಕ್‌ಗೆ ಹೇಳಿದೆ, ಅದು ಉಳಿಸಿತು. ಔಷಧದ ಅಣು ಕಿಣ್ವದಲ್ಲಿ ಎಲ್ಲಿ ಕೂರುತ್ತದೆಂದು ಲೆಕ್ಕ ಹಾಕುವ ಡಾಕಿಂಗ್‌ನ ಫಲಿತಾಂಶ ಮಾತ್ರ ವಿಚಿತ್ರವಾಗಿತ್ತು. ಔಷಧದ ಅಣು ಗಾಳಿಯಲ್ಲಿ ನೇತಾಡುತ್ತಿತ್ತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ನೋಡಿದರೆ, ನನ್ನ ಕಡತ 999ನೇ ಅಮೈನೋ ಆಮ್ಲಕ್ಕೇ ನಿಂತಿದೆ. ಪಿಡಿಬಿಯಲ್ಲಿ ಸರಪಳಿಯ ಅಕ್ಷರ ಇರುವುದು 22ನೇ ಕಾಲಂನಲ್ಲಿ, ಅಂದರೆ ಸಾಲಿನ 22ನೇ ಅಕ್ಷರದ ಜಾಗದಲ್ಲಿ, ಅಮೈನೋ ಆಮ್ಲದ ಸಂಖ್ಯೆ 23ರಿಂದ 26ರವರೆಗೆ. ಸಂಖ್ಯೆ ನಾಲ್ಕಂಕಿಗೆ ಬಂದ ಕೂಡಲೇ ಎರಡೂ ಅಂಟಿಕೊಂಡು 'ಎ1000' ಎಂಬ ಒಂದೇ ಪದವಾಗುತ್ತದೆ. ಖಾಲಿ ಜಾಗ ನೋಡಿ ಪದ ಒಡೆಯುವ ಆಕ್‌ಗೆ ಅದು 'ಎ' ಅಲ್ಲ. ಮರುಮಾತಿಲ್ಲದೆ ಬಿಟ್ಟುಬಿಟ್ಟಿತು. ತಪ್ಪು ಆಕ್‌ನದಲ್ಲ, ಕಾಲಂ ಎಣಿಸಬೇಕಾದಲ್ಲಿ ಪದ ಎಣಿಸಿದ ನನ್ನದು.

ಆ ವಾರವೇ ಪಿಡಿಬಿ-ಟೂಲ್ಸ್ ಹಾಕಿಕೊಂಡೆ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಬೊನ್ವಿನ್ ತಂಡದ್ದು, 2018ರಲ್ಲಿ ಇದರ ಲೇಖನ ಬಂದಿದೆ. ಮುಕ್ತ ತಂತ್ರಾಂಶ, ಬಿಟ್ಟಿ. ಪೈಥಾನ್ ಒಂದಿದ್ದರೆ ಪಿಪ್‌ನ ಒಂದೇ ಸಾಲಿನಲ್ಲಿ ಬಂದು ಕೂರುತ್ತದೆ, ಬೇರಾವ ಲೈಬ್ರರಿಯನ್ನೂ ಎಳೆದು ತರುವುದಿಲ್ಲ. ಒಳಗೆ ನಲವತ್ತಕ್ಕೂ ಹೆಚ್ಚು ಪುಟಾಣಿ ಕಮಾಂಡ್‌ಗಳಿವೆ. ಸೆಲ್‌ಚೈನ್ ಸರಪಳಿ ಆರಿಸುತ್ತದೆ, ಡೆಲ್‌ರೆಸ್‌ನೇಮ್ ಹೆಸರು ಹೇಳಿದ ಘಟಕವನ್ನು ತೆಗೆಯುತ್ತದೆ, ಟೈಡಿ ಕೊನೆಯಲ್ಲಿ ಸರಪಳಿ ಮುಗಿದ ಗುರುತುಗಳನ್ನೆಲ್ಲ ಸರಿಪಡಿಸುತ್ತದೆ. ಒಂದರ ಬಾಯಿಗೆ ಇನ್ನೊಂದನ್ನು ಪೈಪ್‌ನಿಂದ ಜೋಡಿಸುತ್ತಾ ಹೋಗಬೇಕು. ಮೂಲ ಕಡತವನ್ನು ಯಾವುದೂ ಮುಟ್ಟುವುದಿಲ್ಲ. ಆದರೆ ಫಲಿತಾಂಶವನ್ನು ಅದೇ ಹೆಸರಿನ ಕಡತಕ್ಕೆ ತಿರುಗಿಸಿದಿರೋ, ಕಮಾಂಡ್ ಶುರುವಾಗುವ ಮೊದಲೇ, ಕಮಾಂಡ್‌ಗಳನ್ನು ಓಡಿಸುವ ಶೆಲ್ ಅದನ್ನು ಖಾಲಿ ಮಾಡಿರುತ್ತದೆ. ಒಮ್ಮೆ ಮಾಡಿದ್ದೇನೆ.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಸೆಲ್‌ಆಲ್ಟ್‌ಲಾಕ್. ಪ್ರೋಟೀನಿನ ಹರಳಿನಲ್ಲಿ ಅಮೈನೋ ಆಮ್ಲವೊಂದರ ಪಾರ್ಶ್ವ ಸರಪಳಿ ಎರಡು ಭಂಗಿಯಲ್ಲಿ ಕಂಡರೆ ಎರಡನ್ನೂ ಬರೆದಿಡುತ್ತಾರೆ. 17ನೇ ಕಾಲಂನಲ್ಲಿ ಒಂದಕ್ಕೆ ಎ, ಇನ್ನೊಂದಕ್ಕೆ ಬಿ. ಇದನ್ನು ಗಮನಿಸದೆ ಮುಂದೆ ಹೋದರೆ ಒಂದೇ ಪರಮಾಣು ಎರಡು ಸಲ, ಒಂದರ ಮೈಮೇಲೆ ಇನ್ನೊಂದು ಕುಳಿತಿರುತ್ತದೆ. ಏನೂ ಹೇಳದೆ ಓಡಿಸಿದರೆ ಈ ಕಮಾಂಡ್ ಹೆಚ್ಚು ಪಾಲು ಇರುವ ಭಂಗಿಯನ್ನು ಉಳಿಸುತ್ತದೆ. ಆಕ್‌ನಲ್ಲಿ ಇದನ್ನು ಬರೆಯಲು ಹೋಗಿ ನಾನು ಮೂರು ಸಲ ಸೋತಿದ್ದೇನೆ.

ಡೆಲ್‌ಹೆಟ್‌ಆಟಮ್ ಬಗ್ಗೆ ಮಾತ್ರ ಎಚ್ಚರ. ಮಾಮೂಲಿ ಅಮೈನೋ ಆಮ್ಲ, ನ್ಯೂಕ್ಲಿಯೋಟೈಡ್ ಅಲ್ಲದ ಘಟಕಗಳ ಸಾಲಿಗೆ ಹೆಟ್‌ಆಟಮ್ ಎಂಬ ಗುರುತಿರುತ್ತದೆ. ಈ ಕಮಾಂಡ್ ಅಂಥ ಸಾಲುಗಳನ್ನೆಲ್ಲ ಗುಡಿಸಿ ಹಾಕುತ್ತದೆ, ನೀರು ಮಾತ್ರವಲ್ಲ. 4ಎಚ್‌ಎಚ್‌ಬಿ ಎಂಬ ಹಿಮೋಗ್ಲೋಬಿನ್ ಕಡತದ ಮೇಲೆ ಓಡಿಸಿ ನೋಡಿ: ನಾಲ್ಕು ಹೀಮ್, ತಲಾ 43 ಪರಮಾಣು, ಕಬ್ಬಿಣದ ಸಮೇತ ಮಾಯ. ಆಮ್ಲಜನಕ ಹಿಡಿಯುವ ಜಾಗವೇ ಇಲ್ಲದ ಹಿಮೋಗ್ಲೋಬಿನ್ ಇಟ್ಟುಕೊಂಡು ಏನು ಮಾಡುವುದು? ನೀರಷ್ಟೇ ಬೇಡವಾದರೆ ಡೆಲ್‌ರೆಸ್‌ನೇಮ್‌ಗೆ ಎಚ್‌ಓಎಚ್ ಕೊಡಿ. ಇನ್ನೂ ಕೆಟ್ಟದ್ದು ಸೆಲೆನೋಮೆಥಿಯೊನೀನ್, ಗಂಧಕದ ಜಾಗದಲ್ಲಿ ಸೆಲೆನಿಯಂ ಇರುವ ಅಮೈನೋ ಆಮ್ಲ. ಅದು ಸರಪಳಿಯ ನಡುವೆಯೇ ಕುಳಿತಿದ್ದರೂ ಬರೆದಿರುವುದು ಹೆಟ್‌ಆಟಮ್ ಎಂದು. ಗುಡಿಸಿದರೆ ಹಲ್ಲು ಬಿದ್ದ ಬಾಯಿಯ ಹಾಗೆ ಸರಪಳಿಯಲ್ಲಿ ಸಂದುಗಳು. ಆಮೇಲೆ ಗ್ಯಾಪ್ ಎಂಬ ಕಮಾಂಡ್ ಓಡಿಸಿದರೆ ಸಂದುಗಳನ್ನು ತೋರಿಸುತ್ತದೆ. ನಾನು ಅದನ್ನು ಬಿಡದೆ ಓಡಿಸುತ್ತೇನೆ.

ಇನ್ನು ನನ್ನ ತಕರಾರು. ನಮ್ಮಲ್ಲಿ ಕೆಲಸ ಕಲಿಯುತ್ತಿರುವ ಹುಡುಗಿಗೆ 1ಸಿಎಲ್‌ಎಲ್ ಎಂಬ ಕಡತ ಕೊಟ್ಟು, ಅಮೈನೋ ಆಮ್ಲಕ್ಕೊಂದರಂತೆ ಇರುವ ಆಲ್ಫಾ ಕಾರ್ಬನ್‌ಗಳನ್ನು ಮಾತ್ರ ತೆಗೆದುಕೊಡು ಎಂದೆ. ಅದು ಕ್ಯಾಲ್ಮಾಡ್ಯುಲಿನ್ ಎಂಬ ಪ್ರೋಟೀನ್. ಅರ್ಧ ಗಂಟೆ ಬಿಟ್ಟು ಬಂದು, "ಮೇಡಂ, ಎಣಿಕೆಯಲ್ಲಿ ನಾಲ್ಕು ಹೆಚ್ಚಿಗೆ ಬರುತ್ತಿದೆ" ಎಂದಳು. ಗ್ರೆಪ್ ಬಳಸಿರುತ್ತೀಯ ಎಂದೆ, ದೊಡ್ಡವಳ ಗತ್ತಿನಲ್ಲಿ. "ಇಲ್ಲ ಮೇಡಂ, ನೀವು ಹೇಳಿದ ಸೆಲ್‌ಆಟಮ್."

ಪರದೆಯ ಮೇಲೆ ನೋಡಿದೆವು. ಕಡತದ ಕೊನೆಯಲ್ಲಿ ನಾಲ್ಕು ಕ್ಯಾಲ್ಸಿಯಂ. ಆಲ್ಫಾ ಕಾರ್ಬನ್‌ನ ಹೆಸರೂ ಸಿಎ, ಕ್ಯಾಲ್ಸಿಯಂನ ಹೆಸರೂ ಸಿಎ. ಪಿಡಿಬಿಯ ನಿಯಮದಲ್ಲಿ ಇವೆರಡಕ್ಕೂ ಒಂದು ಕಾಲಂನ ವ್ಯತ್ಯಾಸವಿದೆ: ಕಾರ್ಬನ್ 14ನೇ ಕಾಲಂನಿಂದ ಶುರು, ಕ್ಯಾಲ್ಸಿಯಂ 13ರಿಂದ. ಪರಮಾಣುಗಳನ್ನು ಹೆಸರಿನಿಂದ ಆರಿಸುವ ಸೆಲ್‌ಆಟಮ್, ಆ ಹೆಸರಿನ ಅಕ್ಕಪಕ್ಕದ ಖಾಲಿ ಜಾಗವನ್ನು ಒರೆಸಿಕೊಂಡು ಹೋಲಿಸುತ್ತದೆ, ಅಲ್ಲಿಗೆ ಎರಡೂ ಒಂದೇ. ಕಾಲಂ ನೋಡಿ ನಡೆಯುತ್ತದೆ ಎಂದೇ ನಾನು ನಂಬಿದ ಉಪಕರಣ, ಕಾಲಂ ಮುಖ್ಯವಾದ ಒಂದೇ ಒಂದು ಕಡೆ ಕಣ್ಣು ಮುಚ್ಚಿಕೊಂಡರೆ ಸಿಟ್ಟು ಬಾರದಿರುತ್ತದೆಯೇ? ದಾರಿ ಏನೋ ಸುಲಭದ್ದೇ. ಮೊದಲು ಸೆಲ್‌ಎಲೆಮ್‌ನಿಂದ ಕಾರ್ಬನ್‌ಗಳನ್ನಷ್ಟೇ ಉಳಿಸಿ, ಅದರ ಮೇಲೆ ಸೆಲ್‌ಆಟಮ್. ಹಾಗೆ ಮಾಡಿದಾಗ ಅವಳ ಎಣಿಕೆ ಸರಿಹೋಯಿತು. ಇದಕ್ಕೆ 77-78ನೇ ಕಾಲಂನಲ್ಲಿ ಧಾತುವಿನ ಚಿಹ್ನೆ ಬರೆದಿರಬೇಕು. ಹಳೆಯ ಕಡತಗಳಲ್ಲಿ, ಸಿಮ್ಯುಲೇಷನ್‌ನಿಂದ ಬಂದವುಗಳಲ್ಲಿ ಅದು ಎಷ್ಟೋ ಸಲ ಖಾಲಿಯಿರುತ್ತದೆ. ಎಲಿಮೆಂಟ್ ಕಮಾಂಡ್ ಮೊದಲು ಅದನ್ನು ತುಂಬಿಕೊಡುತ್ತದೆ.

ವೇಗದ ಬಗ್ಗೆ ಹೇಳುವುದಾದರೆ, ಐದು ಕಮಾಂಡ್ ಜೋಡಿಸಿದರೆ ಐದು ಪೈಥಾನ್ ಏಳಬೇಕು. ಒಂದು ಕಡತಕ್ಕೆ ಗೊತ್ತಾಗುವುದಿಲ್ಲ, ಸಾವಿರಾರು ಕಡತಗಳಿದ್ದರೆ ಊಟ ಮುಗಿಸಿ ಬರಬಹುದು. ಇನ್ನು 99,999 ಪರಮಾಣು ಅಥವಾ 62 ಸರಪಳಿ ದಾಟಿದ ರೈಬೋಸೋಮ್‌ನಂಥ ರಚನೆಗಳು ಪಿಡಿಬಿ ರೂಪದಲ್ಲಿ ಸಿಗುವುದೇ ಇಲ್ಲ, ಎಂಎಂಸಿಐಎಫ್ ಎಂಬ ಹೊಸ ರೂಪದಲ್ಲಿ ಮಾತ್ರ. ಅವಕ್ಕೆ ನಾನು ಹಿಡಿಯುವುದು ಗೆಮ್ಮಿ ಎಂಬ ಇನ್ನೊಂದು ಉಪಕರಣವನ್ನು. ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದದ್ದು, ಚುರುಕು, ಎರಡೂ ರೂಪ ಓದುತ್ತದೆ. ಆರಿಸುವ ಭಾಷೆ ಮೊದಲಿಗೆ ಮಂತ್ರಾಕ್ಷರದಂತೆ ಕಾಣುತ್ತದೆ. ಆದರೆ ಅಲ್ಲಿ ಸಿಎ ಎಂದು ಬರೆದು, ಮಗ್ಗುಲಲ್ಲಿ ಚೌಕ ಆವರಣದೊಳಗೆ ಸಿ ಎಂದರೆ ಆಲ್ಫಾ ಕಾರ್ಬನ್, ಸಿಎ ಎಂದರೆ ಕ್ಯಾಲ್ಸಿಯಂ. ಗೊಂದಲವೇ ಇಲ್ಲ.

ಆದರೂ ದಿನದ ಕೆಲಸಕ್ಕೆ ಕೈ ಹೋಗುವುದು ಪಿಡಿಬಿ-ಟೂಲ್ಸ್‌ಗೇ. ಆರು ತಿಂಗಳ ಹಿಂದಿನ ನನ್ನದೇ ಸ್ಕ್ರಿಪ್ಟ್ ತೆರೆದರೆ ಏನು ಮಾಡಿದ್ದೇನೆಂದು ಓದಿದ ಕೂಡಲೇ ತಿಳಿಯುತ್ತದೆ. ನನ್ನ ಆಕ್ ಸಾಲುಗಳು ಮರುದಿನವೇ ನನಗೆ ಅರ್ಥವಾಗುತ್ತಿರಲಿಲ್ಲ. ಸೆಲ್‌ಆಟಮ್‌ಗೂ ಗೆಮ್ಮಿಯ ಆ ಚೌಕ ಆವರಣ ಬಂದ ದಿನ, ನನ್ನ ಪರದೆಯ ಅಂಚಿಗೆ ಹುಡುಗಿ ಅಂಟಿಸಿ ಹೋಗಿರುವ "ಮೇಡಂ, ಮೊದಲು ಧಾತು, ಆಮೇಲೆ ಹೆಸರು" ಎಂಬ ಹಳದಿ ಚೀಟಿಯನ್ನು ತೆಗೆಯುತ್ತೇನೆ.