ಹೊರಗಿನವರಿಂದ ಡ್ರೈವರ್ ಬರೆಸುತ್ತಿದ್ದೀರಾ? ಕೆ-ರಿಯಾಲಾಕ್ ಎಲ್ಲಿದೆ ನೋಡಿಕೊಳ್ಳಿ

ಪುಣೆಯಲ್ಲಿ ಲಿನಕ್ಸ್ ಬೋರ್ಡಿನ ಕೆಲಸ ಮಾಡುವ ನಮ್ಮವರು ಇದನ್ನು ಓದಿ. ಸಣ್ಣ ಕಂಪನಿಯವರಾದರೆ ಇನ್ನೂ ಜಾಸ್ತಿ ಗಮನ ಕೊಡಿ. ಕೆ-ರಿಯಾಲಾಕ್ ಅಂದರೆ ಪಡೆದ ಮೆಮೊರಿಯ ಅಳತೆ ಬದಲಿಸುವ ಫಂಕ್ಷನ್, ಕರ್ನಲ್ (ಲಿನಕ್ಸಿನ ತಿರುಳು) ಒಳಗಿನದು.

ಭೋಸರಿಯ ನಮ್ಮ ಯೂನಿಟ್‌ಗೆ ಸೆನ್ಸರ್ ಡ್ರೈವರ್ (ಸೆನ್ಸರ್ ಜತೆ ಮಾತಾಡುವ ಕರ್ನಲ್ ಕೋಡು) ಬೇಕಿತ್ತು. ಗುತ್ತಿಗೆ ತಂಡವೊಂದು ಬರೆದುಕೊಟ್ಟಿತು. ಡೆಮೊ ಚೆನ್ನಾಗೇ ಆಯಿತು, ಬಿಲ್ಲೂ ಪಾಸಾಯಿತು. ಐದು ಸೆನ್ಸರ್ ತನಕ ಏನೂ ತೊಂದರೆ ಇಲ್ಲ. ಆರನೆಯದು ಸಿಕ್ಕಿಸಿದರೆ ಸ್ವಲ್ಪ ಹೊತ್ತಿಗೆ ಕರ್ನಲ್ ಬಿದ್ದುಹೋಗುತ್ತಿತ್ತು, ಅದೂ ಪ್ರತಿ ಸಲ ಬೇರೆ ಜಾಗದಲ್ಲಿ. ಕೇಳಿದರೆ "ನಿಮ್ಮ ರ‍್ಯಾಮ್ ಸರಿ ಇಲ್ಲ ಸರ್" ಅಂದರು. ಬೋರ್ಡೂ ಬದಲಾಯಿಸಿದೆವು. ದುಡ್ಡು ದಂಡ.

ಕೊನೆಗೆ ಧಾರವಾಡದ ಸಹೋದ್ಯೋಗಿಯೊಬ್ಬರು ಕಾಸಾನ್ (ಮೆಮೊರಿ ತಪ್ಪು ಹಿಡಿಯುವ ಕರ್ನಲ್ ಸಾಧನ) ಆನ್ ಮಾಡಿ ಕರ್ನಲ್ ಬಿಲ್ಡ್ ಮಾಡಿದರು. ಯೂಸ್-ಆಫ್ಟರ್-ಫ್ರೀ, ಅಂದರೆ ಬಿಟ್ಟುಕೊಟ್ಟ ಮೆಮೊರಿಯನ್ನೇ ಮತ್ತೆ ಬಳಸುವುದು! ಸೆನ್ಸರ್‌ಗಳನ್ನೆಲ್ಲ ಆ ತಂಡದವರು ಒಂದೇ ಅರೇಯಲ್ಲಿಟ್ಟು (ಮೆಮೊರಿಯಲ್ಲಿ ಸಾಲಾಗಿ), ಹೊಸದು ಬಂದಾಗ ಕೆ-ರಿಯಾಲಾಕ್ ಕರೆದು ಹಿಗ್ಗಿಸುತ್ತಿದ್ದರು. ಒಂದೊಂದು ಸೆನ್ಸರ್ ಮಾಹಿತಿಯ ಸ್ಟ್ರಕ್ಟ್ 200 ಬೈಟ್. ಶುರುವಿಗೆ ನಾಲ್ಕಕ್ಕೆ 800 ಕೇಳಿದರೆ ಸಿಗುವುದು ನಿಗದಿತ ಅಳತೆಯ 1024ರ ತುಂಡು. ಐದಕ್ಕೆ 1000, ಅದರಲ್ಲೇ ಹಿಡಿಸುತ್ತದೆ. ಆರಕ್ಕೆ 1200. ಈಗ ಎಲ್ಲವೂ 2048ರ ತುಂಡಿಗೆ ಕಾಪಿ, ಹಳೆಯದು ಫ್ರೀ.

ಕಾಪಿ ಆದರೆ ಏನೀಗ ಅಂತೀರಾ? ಸ್ಟ್ರಕ್ಟ್ ಒಳಗೆ ಮ್ಯೂಟೆಕ್ಸ್ (ಒಂದು ಸಲಕ್ಕೆ ಒಬ್ಬರಿಗೇ ಸಿಗುವ ಲಾಕ್) ಇತ್ತು. ಅದರಲ್ಲಿ ಕಾಯುವವರ ಲಿಸ್ಟ್ ಖಾಲಿ ಇದ್ದಾಗ ಅದರ ಪಾಯಿಂಟರ್ (ಮೆಮೊರಿ ವಿಳಾಸ) ತನ್ನನ್ನೇ ತೋರಿಸುತ್ತಿರುತ್ತದೆ. ಜಾಗ ಬದಲಾದ ಮೇಲೂ ತೋರಿಸುವುದು ಹಳೇ ವಿಳಾಸವನ್ನೇ. ಮಜಾ ಅಂದರೆ, ಒಂದೇ ಥ್ರೆಡ್ (ಕೋಡು ಓಡುವ ಎಳೆ) ಲಾಕ್ ಹಿಡಿದು ಬಿಡುತ್ತಿದ್ದರೆ ಆ ಲಿಸ್ಟಿಗೆ ಯಾರೂ ಏನೂ ಸೇರಿಸುವುದಿಲ್ಲ. ಎರಡು ಥ್ರೆಡ್ ಒಂದೇ ಲಾಕಿಗೆ ಮುಗಿಬಿದ್ದಾಗ ಮಾತ್ರ ಫ್ರೀ ಆದ ಜಾಗದಲ್ಲಿ ಗೀಚಿಬಿಡುತ್ತದೆ. ಡೆಮೊದಲ್ಲಿ ಇದು ಎಲ್ಲಿ ಸಿಗಬೇಕು!

ನಾವೇ ಒಂದೊಂದು ಸೆನ್ಸರ್‌ಗೂ ಬೇರೆ ಬೇರೆ ಕೆ-ಝಡ್-ಅಲಾಕ್ (ಸೊನ್ನೆ ತುಂಬಿದ ಹೊಸ ಮೆಮೊರಿ ಕೇಳುವುದು) ಮಾಡಿ, ಅರೇಯಲ್ಲಿ ಬರೀ ಪಾಯಿಂಟರ್ ಇಟ್ಟೆವು. ಸರಿಹೋಯಿತು.

ಈಗ ಅದೇ ತಂಡ "ರಸ್ಟ್‌ನಲ್ಲಿ ಬರೆದುಕೊಡುತ್ತೇವೆ, ಆಮೇಲೆ ಚಿಂತೆ ಇಲ್ಲ" ಅಂತ ಹೊಸ ಕೊಟೇಶನ್ ಕಳಿಸಿದೆ. ಇಂಥ ಮೆಮೊರಿ ತಪ್ಪು ತಡೆಯಲು ನೋಡುವ ರಸ್ಟ್ ಭಾಷೆ ಒಳ್ಳೆಯದೇ, 2022ರ 6.1 ಆವೃತ್ತಿಯಿಂದ ಕರ್ನಲ್ಲಿನಲ್ಲಿದೆ. ಆದರೆ ಹೀಪಿನ (ಕೇಳಿ ಪಡೆಯುವ ಮೆಮೊರಿ) ಬಾಕ್ಸ್‌ನಲ್ಲಿಟ್ಟ ಮಾತ್ರಕ್ಕೆ ವಸ್ತು ಕದಲುವುದಿಲ್ಲ ಅಂತೇನಿಲ್ಲ, ಸ್ವಾಪ್ ಮಾಡಿ ಹೊರಗೆ ತೆಗೆಯಬಹುದು. ಅದನ್ನು ತಡೆಯುವುದು ಪಿನ್. ಮ್ಯೂಟೆಕ್ಸನ್ನು ಸ್ಟ್ಯಾಕ್‌ನಲ್ಲಿ (ಫಂಕ್ಷನ್‌ನ ತಾತ್ಕಾಲಿಕ ಮೆಮೊರಿ) ಸಿದ್ಧ ಮಾಡಿ, ಹೀಪಿಗೆ ಸಾಗಿಸಿ, ಆಮೇಲೆ ಪಿನ್ ಮಾಡಿದರೆ ಮತ್ತದೇ ಕಥೆ. ಕೂರುವ ಜಾಗದಲ್ಲೇ ಸಿದ್ಧ ಮಾಡುವ ಪಿನ್-ಇನಿಟ್ 2023ರಲ್ಲಿ 6.4ಕ್ಕೆ ಬಂತು. ಅದನ್ನು ಬಳಸುತ್ತಾರಾ ಅಂತ ಕೇಳಿದೆ. ಉತ್ತರ ಬಂದಿಲ್ಲ.

ಕೊನೇ ಕಂತು ಕೊಡುವ ಮುಂಚೆ ಕೋಡಿನಲ್ಲಿ ಕೆ-ರಿಯಾಲಾಕ್ ಹುಡುಕಿಸಿ. ಕಾಸಾನ್, ಡೀಬಗ್-ಲಿಸ್ಟ್ (ಲಿಸ್ಟಿನ ಪಾಯಿಂಟರ್ ಸರಿಯಿದೆಯಾ ನೋಡುವ ಆಯ್ಕೆ) ಎರಡೂ ಆನ್ ಇರುವ ಕರ್ನಲ್‌ನಲ್ಲಿ, ಹೇಳಿದ್ದಕ್ಕಿಂತ ಜಾಸ್ತಿ ಸೆನ್ಸರ್ ಸಿಕ್ಕಿಸಿ, ನಾಲ್ಕಾರು ಥ್ರೆಡ್ ಬಿಟ್ಟು ರಾತ್ರಿಯಿಡೀ ಓಡಿಸಿ. ಅದಕ್ಕೆ ಒಪ್ಪದವರಿಗೆ ಸುಮ್ನೆ ಚೆಕ್ ಬರೆಯಬೇಡಿ.